ಬಣ್ಣ ಬಯಲಾಗುವ ಬಗೆ

ಚುನಾವಣೆಯ ದಿನ ನಮ್ಮ ಎಡಗೈಯ ತೋರುಬೆರಳಿಗೆ ಹಚ್ಚುವ ಶಾಯಿ ಒಂದು ಬಣ್ಣದ ಕಾರ್ಖಾನೆಯಿಂದ ಬರುತ್ತದೆಂಬುದು ಅನೇಕರಿಗೆ ತಿಳಿದಿರಲಾರದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಹುಟ್ಟಿ, ಈಗ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂಬ ಹೆಸರಿನಿಂದ ನಡೆದಿರುವ ಸರಕಾರಿ ಸಂಸ್ಥೆಯೇ 1962ರ ಮಹಾಚುನಾವಣೆಯಿಂದೀಚೆಗೆ ದೇಶಕ್ಕೆಲ್ಲ ಈ ಶಾಯಿಯನ್ನು ಒದಗಿಸುತ್ತ ಬಂದಿದೆ. ಅದರ ಜೀವಾಳವೆಂದರೆ ಸಿಲ್ವರ್ ನೈಟ್ರೇಟ್. ಬೆವರಿನ ಉಪ್ಪಿನೊಡನೆ ಅದು ಬೆರೆತು, ಬೆಳಕು ಬಿದ್ದಂತೆ ಕಪ್ಪಾಗುತ್ತದೆ. ಶಾಲೆಯ ಕೋಣೆಯ ಮಬ್ಬಿನಲ್ಲಿ ಬರಿಯ ಒದ್ದೆ ಗೆರೆಯಾಗಿದ್ದದ್ದು ಅಂಗಳದ ಬಿಸಿಲಿಗೆ ಬಂದ ಮೇಲೆ ಅಳಿಸಲಾಗದ ಸಾಕ್ಷಿಯಾಗಿ ನಿಲ್ಲುತ್ತದೆ.

ಬಣ್ಣದ ಕಾರ್ಖಾನೆಯೊಂದು ಮನುಷ್ಯನ ಮೇಲೆ ಹಾಕಲು ಇಂಥ ಗುರುತನ್ನು ಮಾಡಿತು. ಬಣ್ಣದ ಮೇಲೆಯೇ ಹಾಕುವ ಗುರುತು ಉಂಟೇ ಎಂದು ಕೇಳಿದರೆ, ಉಂಟು. ಆ ಗುರುತಿನ ಧರ್ಮಾಧರ್ಮದ ವಿಚಾರವನ್ನೇ ಇಲ್ಲಿ ಎತ್ತಿಕೊಂಡಿದ್ದೇನೆ. ಕನ್ನಡ ಪಾಠ ಹೇಳುವವನಿಗೆ ರಸಾಯನಶಾಸ್ತ್ರದ ಉಸಾಬರಿ ಏಕೆಂದು ಓದುಗರು ಹುಬ್ಬೇರಿಸಬಹುದು. ಆದರೆ ಬಣ್ಣದ ವಿಷಯದಲ್ಲಿ ನಮ್ಮ ಭಾಷೆ ಮೊದಲಿನಿಂದಲೂ ಸಂಶಯದ ಪಕ್ಷದಲ್ಲಿಯೇ ಇದೆ. ಸುಳ್ಳಾಡುವವನು ಬಣ್ಣ ಹಚ್ಚಿ ಹೇಳುತ್ತಾನೆ. ಮರುಳುಮಾಡುವುದು ಬಣ್ಣದ ಮಾತು. ಮೋಸ ಹೊರಬಿದ್ದರೆ ಬಣ್ಣ ಬಯಲಾಯಿತೆನ್ನುತ್ತೇವೆ. ಇಷ್ಟು ಅನುಭವವುಳ್ಳ ಭಾಷೆಯನ್ನು ಕಲಿಸುವವನು ಬಣ್ಣದ ಡಬ್ಬಿಯ ಕಡೆಗೆ ಒಮ್ಮೆ ತಿರುಗಿ ನೋಡಿದರೆ ತಪ್ಪಾಗಲಾರದು.

ಕೆಲವು ವಸ್ತುಗಳು ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಹೀರಿಕೊಂಡು ಕಾಣುವ ಬೆಳಕನ್ನು ಸೂಸುತ್ತವೆ. 1852ರಲ್ಲಿ ಜಾರ್ಜ್ ಸ್ಟೋಕ್ಸ್ ಎಂಬ ವಿಜ್ಞಾನಿ ಇದನ್ನು ವಿವರಿಸಿ, ಫ್ಲೋರ್‌ಸ್ಪಾರ್ ಎಂಬ ಖನಿಜದಿಂದ ಹೆಸರನ್ನು ಕಡ ತೆಗೆದುಕೊಂಡು ಫ್ಲೋರೆಸೆನ್ಸ್ ಎಂದು ಕರೆದನು. ಯೂರೋ ನೋಟನ್ನು ಇಂಥ ದೀಪದ ಕೆಳಗೆ ಹಿಡಿದರೆ ಕೆಂಪಗೆ ಮಿನುಗುವುದು ಯುರೋಪಿಯಂ ಎಂಬ ಧಾತುವಿನ ಮಹಿಮೆ. ಇಂಥ ಧಾತುಗಳ ಪುಡಿಯನ್ನು ಅತ್ಯಲ್ಪ ಪ್ರಮಾಣದಲ್ಲಿ, ಹತ್ತು ಲಕ್ಷ ಪಾಲಿನಲ್ಲಿ ಕೆಲವೇ ಪಾಲಿನಷ್ಟು, ಕಾರ್ಖಾನೆಯಲ್ಲಿಯೇ ಬಣ್ಣಕ್ಕೋ ಗಾರೆಗೋ ಬೆರೆಸಬಹುದು. ಬರಿಗಣ್ಣಿಗೆ ಏನೂ ಕಾಣದು. ತಕ್ಕ ಬೆಳಕನ್ನು ಹಾಯಿಸಿ ಯಂತ್ರದಿಂದ ಅಳೆದರೆ, ಇದು ನಮ್ಮ ಮಾಲು ಹೌದೇ ಅಲ್ಲವೇ ಎಂಬುದೂ, ನಡುವೆ ಯಾರಾದರೂ ನೀರು ಬೆರೆಸಿ ತೆಳುಮಾಡಿದ್ದಾರೆಯೇ ಎಂಬುದೂ ತಿಳಿಯುತ್ತದೆ.

ಇದು ಶ್ರೀಮಂತರ ಕೌತುಕವಲ್ಲ. ಉಕ್ಕಿನ ಕಂಬಕ್ಕೆ ಬಳಿಯುವ ಬೆಂಕಿತಡೆ ಬಣ್ಣವನ್ನೇ ನೋಡಿರಿ. ಬೆಂಕಿ ತಗಲಿದಾಗ ಅದು ಹಪ್ಪಳದಂತೆ ಉಬ್ಬಿ ಕಂಬಕ್ಕೆ ಹೊದಿಕೆಯಾಗಬೇಕು, ಏಕೆಂದರೆ 550-600 ಡಿಗ್ರಿ ಸೆಂಟಿಗ್ರೇಡಿನ ಸುಮಾರಿಗೆ ಉಕ್ಕು ತನ್ನ ಬಲದ ಅರ್ಧದಷ್ಟನ್ನು ಕಳೆದುಕೊಳ್ಳುತ್ತದೆ. ಖರೆ ಬಣ್ಣವೂ ಖೋಟಾ ಬಣ್ಣವೂ ಒಣಗಿದ ಮೇಲೆ ಒಂದೇ ತರಹ ಕಾಣುತ್ತವೆ. ವ್ಯತ್ಯಾಸ ಗೊತ್ತಾಗುವುದು ಬೆಂಕಿ ಬಿದ್ದ ದಿನ, ಆಗ ಗೊತ್ತಾಗಿ ಪ್ರಯೋಜನವಿಲ್ಲ.

ರೋಣ ತಾಲೂಕಿನ ಮೆಣಸಗಿ ನನ್ನ ತಾಯಿಯ ತವರೂರು. ಬೆಣ್ಣಿಹಳ್ಳ ಮಲಪ್ರಭೆಯನ್ನು ಕೂಡುವುದು ಆ ಊರಿನ ಹತ್ತಿರ. ಆದ್ದರಿಂದ ಅಲ್ಲಿಯವರಿಗೆ ನೀರಿನ ಭಯ ಎರಡು ಕಡೆಯಿಂದ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಿನ ಮಳೆಯನ್ನು, ಮತ್ತೆ 2019ರ ಆಗಸ್ಟಿನ ಹೊಳೆಯನ್ನು ಆ ದಂಡೆಯ ಜನ ಮರೆಯಲಾರರು. ಹಿಂದೆ ಅಲ್ಲಿ ಮನೆಯೆಂದರೆ ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಮಳೆಗಾಲಕ್ಕೆ ಮುಂಚೆ ಸವುಳು ಮಣ್ಣನ್ನು ತಂದು ಮಾಳಿಗೆಗೆ ಹಾಕಿ ಬಡಿಯುತ್ತಿದ್ದರು. ನೀರನ್ನು ಒಳಗಿಳಿಯಗೊಡದ ರಕ್ಷಾಕವಚ ಅದೇ. ನನ್ನ ಅಜ್ಜ ಬುಟ್ಟಿಯೊಳಗಿನ ಸವುಳನ್ನು ಚಿಟಿಕೆ ತೆಗೆದು ನಾಲಗೆಗೆ ಹಚ್ಚಿ, ಬೆರಳಲ್ಲಿ ತಿಕ್ಕಿ, ಸರಿಯೆನಿಸಿದರೆ ತಲೆಯಾಡಿಸುತ್ತಿದ್ದ. ಇಲ್ಲವಾದರೆ ಬುಟ್ಟಿಯನ್ನು ಅಲ್ಲಿಯೇ ಬೋರಲು ಹಾಕಿಸುತ್ತಿದ್ದ.

ಇದನ್ನು ನೆನೆದು, ಆಗ ನಂಬಿಕೆ ಇತ್ತು, ಈಗ ಯಂತ್ರ ಬಂತು ಎಂದು ಹಲುಬುವುದು ಸುಲಭ. ನನಗೆ ಅದು ಒಪ್ಪಿಗೆಯಾಗದು. ಅಜ್ಜ ನಂಬಿ ಕೊಳ್ಳುತ್ತಿರಲಿಲ್ಲ, ನೋಡಿ ಕೊಳ್ಳುತ್ತಿದ್ದ. ಅದಕ್ಕಿಂತ ಹೆಚ್ಚಾಗಿ, ಸವುಳು ತಂದವನೂ ಅದೇ ಊರಿನವನು. ಅವನ ಮಾಳಿಗೆಯೂ ಅದೇ ಮಳೆಗೆ ಸೋರತಕ್ಕದ್ದು. ಮೋಸ ಮಾಡಿದರೆ ಮರುದಿನ ಅವನು ಅಗಸಿಯ ಮುಂದೆಯೇ ಹಾಯ್ದು ಹೋಗಬೇಕು. ಡಬ್ಬಿಯ ಬಣ್ಣಕ್ಕೆ ಈ ಅಂಜಿಕೆ ಇಲ್ಲ. ಅದು ನೂರಾರು ಹರದಾರಿಯಾಚೆ ಹುಟ್ಟಿ ನಾಲ್ಕು ಕೈ ದಾಟಿ ಬರುತ್ತದೆ, ಆ ನಾಲ್ವರಲ್ಲಿ ಯಾರೂ ನಮ್ಮ ಸೂರಿನ ಕೆಳಗೆ ಮಲಗುವವರಲ್ಲ. ಮನುಷ್ಯರು ಕೆಟ್ಟರೆಂದು ಗುರುತು ಬೇಕಾಯಿತೆನ್ನುವುದಕ್ಕಿಂತ, ಮಾರುವವನೂ ಕೊಳ್ಳುವವನೂ ದೂರವಾದರೆಂದು ಬೇಕಾಯಿತು ಎನ್ನುವುದೇ ನ್ಯಾಯ.

ಕೆಲವು ವರ್ಷಗಳ ಹಿಂದೆ ನನ್ನ ಸೋದರಮಾವ ತನ್ನ ಹೊಸ ಮನೆಯ ಹೊರಗೋಡೆಗೆ, ನೀರು ತಡೆಯುತ್ತದೆಂದು ಹೇಳಿದ ದುಬಾರಿ ಬಣ್ಣವನ್ನು ಹಚ್ಚಿಸಿದ. ಒಂದೇ ಮಳೆಗಾಲಕ್ಕೆ ಅದು ಈರುಳ್ಳಿ ಸಿಪ್ಪೆಯಂತೆ ಸುಲಿದು ಬಂತು. ಮಾರಿದ ಅಂಗಡಿಯವರು ಗಿಲಾವು ಹಸಿಯಿತ್ತೆಂದರು. ಗೌಂಡಿ ಬಣ್ಣವೇ ಖೊಟ್ಟಿಯೆಂದ. ಡಬ್ಬಿ ಖಾಲಿಯಾಗಿ ಹಿತ್ತಲಿನಲ್ಲಿ ಸಸಿ ನೆಡುವುದಕ್ಕೆ ಹೋಗಿತ್ತು. ಯಾರ ಮಾತು ನಿಜವೆಂದು ಹೇಳಲು ಸಾಕ್ಷಿಯಿಲ್ಲ. ಇಂಥಲ್ಲಿ ಸಾಮಾನ್ಯವಾಗಿ ಆಗುವುದೇ ಆಯಿತು: ಅಂಗಡಿಗೆ ಫಲಕವಿದೆ, ರಸೀದಿಯಿದೆ, ಗೌಂಡಿಗೆ ಬಾಯಿಮಾತೊಂದೇ. ಹೆಸರು ಕೆಟ್ಟದ್ದು ಗೌಂಡಿಯದು. ಆ ವರ್ಷ ಊರಲ್ಲಿ ಮೂರು ಮನೆಗಳ ಕೆಲಸ ಅವನ ಕೈತಪ್ಪಿ ಹೋಯಿತು.

ಇಂಥ ಗುರುತುಗಳು ಸಂಶಯದ ಸಂತಾನ, ಪ್ರಾಮಾಣಿಕರಿಗೆ ಅವಮಾನ ಎಂದು ಸಜ್ಜನರು ಕೆಲವರು ವಾದಿಸುವುದನ್ನು ಕೇಳಿದ್ದೇನೆ. ಅವರು ಆ ಗೌಂಡಿಯ ಜಾಗದಲ್ಲಿ ಒಂದು ದಿನ ನಿಂತು ನೋಡಬೇಕು. ಬಾಯಿಯಿಲ್ಲದ ಪ್ರಾಮಾಣಿಕನಿಗೆ ಸಾಕ್ಷಿಯ ಅವಶ್ಯಕತೆ ಮೋಸಗಾರನಿಗಿಂತ ಹೆಚ್ಚು. ಮತದಾನದ ಶಾಯಿಯಿಂದ ಯಾರೂ ಅವಮಾನಪಟ್ಟುಕೊಳ್ಳುವುದಿಲ್ಲ, ಏಕೆಂದರೆ ಅದು ಮಂತ್ರಿಯ ಬೆರಳಿಗೂ ಬೀಳುತ್ತದೆ, ಮಾಲಿಯ ಬೆರಳಿಗೂ ಬೀಳುತ್ತದೆ.

ಈ ಹೊಸ ಉಪಾಯದ ವಿಷಯವನ್ನು ನಾನು ಆ ಗೌಂಡಿಗೂ ಹೇಳಿದೆ. ಅವನು ಕರಣಿಯನ್ನು ಕೆಳಗಿಟ್ಟು ಕೇಳಿಕೊಂಡ. “ಬರಲಿ ಬಿಡ್ರಿ ಸರ್ರ, ಅಂಥಾದ್ದು ನನಗೂ ಬೇಕಾಗೈತಿ. ಆದ್ರ ಆ ಬ್ಯಾಟರಿ ಯಾರ ಕೈಯಾಗ ಇರತೈತ್ರಿ?” ಎಂದ.

ನಾನು ಓದಿದ ಯಾವ ವಿವರಣೆಯಲ್ಲಿಯೂ ಇಷ್ಟು ಒಳ್ಳೆಯ ಪ್ರಶ್ನೆ ಇರಲಿಲ್ಲ. ಬೆರಳಿನ ಶಾಯಿಯನ್ನು ಓದಲು ಯಂತ್ರ ಬೇಕಿಲ್ಲ. ಎದುರಿಗೆ ಬಂದ ಯಾರೂ ಓದಬಹುದು. ಅಕ್ಕಸಾಲಿಗನು ಒರೆಗಲ್ಲಿನ ಮೇಲೆ ಚಿನ್ನದ ಗೆರೆಯನ್ನು ಕೊಳ್ಳುವವನ ಕಣ್ಣ ಮುಂದೆಯೇ ಎಳೆಯುತ್ತಾನೆ. ದಾನಶಾಸನಗಳಲ್ಲಿ ಭೂಮಿ ಇಷ್ಟು ಎಂದು ಹೇಳಿ ಸುಮ್ಮನಾಗದೆ ಯಾವ ಗಳೆಯಿಂದ ಅಳೆದದ್ದೆಂಬುದನ್ನೂ ಕಲ್ಲಿನಲ್ಲಿ ಕೊರೆಸಿ ದೇವಾಲಯದ ಮುಂದೆ ನಿಲ್ಲಿಸಿದ್ದುಂಟು. ಮೆಣಸಗಿಯ ಸೀಮೆಯಲ್ಲಿಯೇ ಇರುವ ಸೂಡಿಯಲ್ಲಿ ಚಾಲುಕ್ಯರ ಕಾಲಕ್ಕೆ ಟಂಕಸಾಲೆಯಿತ್ತು. ಅಲ್ಲಿಯ ನಾಣ್ಯದ ಮುದ್ರೆಯೂ ಸಂತೆಯಲ್ಲಿ ಎಲ್ಲರೂ ನೋಡತಕ್ಕದ್ದೇ. ಬೆಳಕಿನ ಈ ಗುರುತಾದರೋ ಮುಚ್ಚಿಟ್ಟದ್ದು. ಅದನ್ನು ಓದುವ ಯಂತ್ರ ತಯಾರಕನ ಕೈಯಲ್ಲಿದೆ, ಇಲ್ಲವೇ ತನಿಖೆಗೆ ಬಂದ ಅಧಿಕಾರಿಯ ಕೈಯಲ್ಲಿದೆ. ಆ ಕೈ ಅಲುಗಾಡಿದರೆ ಅಥವಾ ಕಿಸೆಯೊಳಕ್ಕೆ ಇಳಿದರೆ, ಗೋಡೆಯೊಳಗಿನ ಸಾಕ್ಷಿ ಗೋಡೆಯೊಳಗೇ ಉಳಿಯಿತು. ಇನ್ನೊಂದು ಮಾತು. ಡಬ್ಬಿ ಎಲ್ಲಿಂದ ಬಂತು, ತೆಳುವಾಯಿತೇ ಎಂಬುದನ್ನು ಈ ಗುರುತು ಹೇಳೀತು. ಗಿಲಾವು ಒಣಗುವ ತನಕ ಕಾದರೇ, ಉಸುಕನ್ನು ತೊಳೆದರೇ ಎಂಬುದನ್ನು ಅದು ಹೇಳಲಾರದು.

ಕೋಲಾರದ ಚಿನ್ನದ ಗಣಿಯ ಊರಿನವರಾದ ಷಣ್ಮುಗಂ ಮಂಜುನಾಥ್ ಅವರನ್ನು ಇಲ್ಲಿ ನೆನೆಯದೆ ಇರಲಾರೆ. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿ, ಲಖನೌದಲ್ಲಿ ಮ್ಯಾನೇಜ್‌ಮೆಂಟ್ ಕಲಿತು, ತೈಲ ಸಂಸ್ಥೆಯ ಅಧಿಕಾರಿಯಾಗಿ ಉತ್ತರ ಪ್ರದೇಶಕ್ಕೆ ಹೋದ ತರುಣ. ಲಖಿಂಪುರ ಖೇರಿ ಜಿಲ್ಲೆಯಲ್ಲಿ ಕಲಬೆರಕೆಯ ಪಂಪನ್ನು ಮುಚ್ಚಿಸಿದ್ದಕ್ಕಾಗಿ 2005ರ ನವೆಂಬರ್ 19ರಂದು ಗುಂಡಿಗೆ ಬಲಿಯಾದರು. ವಯಸ್ಸು 27. ಮರುವರ್ಷ ಸರಕಾರವು ಕಲಬೆರಕೆಯನ್ನು ಹಿಡಿಯಲು ಸೀಮೆಎಣ್ಣೆಗೆ ಗುಪ್ತ ಗುರುತೊಂದನ್ನು ಬೆರೆಸುವ ಏರ್ಪಾಡು ಮಾಡಿತು. ಅದು ಬೆಳಕಿನದಲ್ಲ, ರಾಸಾಯನಿಕ ಗುರುತು. ಆದರೆ ತತ್ತ್ವ ಒಂದೇ. ಕೆಲವೇ ವರ್ಷಗಳಲ್ಲಿ ಅದನ್ನು ಕೈಬಿಡಬೇಕಾಯಿತು. ಜೇಡಿಮಣ್ಣಿನಲ್ಲಿ ಸೋಸಿದರೆ ಆ ಗುರುತು ತೊಳೆದುಹೋಗುತ್ತದೆಂದು ಕಂಡುಬಂದಿತ್ತು. ಮಂಜುನಾಥರನ್ನು ಹಾಗೆ ಸೋಸಿ ತೆಗೆಯಲು ಆಗದ್ದಕ್ಕೇ ಅವರನ್ನು ಕೊಂದರು.

ಗುರುತನ್ನು ಎಲ್ಲರೂ ಓದುವಂತಾದರೆ ಖೋಟಾ ಮಾಡುವವರೂ ಅದನ್ನು ಕಲಿತುಬಿಡುತ್ತಾರೆ ಎಂದು ತಯಾರಕರು ಆಕ್ಷೇಪಿಸುತ್ತಾರೆ. ಆಕ್ಷೇಪ ಪೊಳ್ಳಲ್ಲ. ಆದರೆ ಇದಕ್ಕೆ ಪರಿಹಾರ ನಮ್ಮ ಕಿಸೆಯೊಳಗಿನ ನೋಟಿನಲ್ಲಿಯೇ ಇದೆ. ನೀರಗುರುತನ್ನು ಸಂತೆಯ ಮುದುಕಿಯೂ ಬಿಸಿಲಿಗೆ ಹಿಡಿದು ನೋಡಬಲ್ಲಳು. ನೇರಳಾತೀತ ದೀಪಕ್ಕೆ ಹೊಳೆಯುವ ಅಂಕಿಯನ್ನು ದೊಡ್ಡ ಅಂಗಡಿಯವರು ಪರೀಕ್ಷಿಸುತ್ತಾರೆ. ಇನ್ನೂ ಒಳಗಿನದನ್ನು ಬ್ಯಾಂಕಿನ ಯಂತ್ರ ನೋಡಿಕೊಳ್ಳುತ್ತದೆ. ಒಳಗಿನ ಗುರುತಿದೆಯೆಂದು ಹೊರಗಿನದನ್ನು ಯಾರೂ ಕೈಬಿಟ್ಟಿಲ್ಲ. ಬಣ್ಣಕ್ಕೂ ಸಿಮೆಂಟಿಗೂ ಹೀಗೆ ಎರಡು ಗುರುತು ಇರಲಿ, ಒಂದು ಪ್ರಯೋಗಶಾಲೆಗೆ, ಇನ್ನೊಂದು ಮನೆ ಕಟ್ಟಿಸುವವನಿಗೆ. ಎರಡನೆಯದನ್ನು ಓದುವ ದೀಪ ಗ್ರಾಮ ಪಂಚಾಯತಿಯ ಕಟ್ಟೆಯ ಮೇಲೆ, ಕೇಳಿದವರ ಕೈಗೆ ಸಿಗುವಂತಿರಲಿ, ಗೌಂಡಿಗೂ ಸಿಗಲಿ. ಮುಂದಿನ ಸಲ ಗೋಡೆ ಸುಲಿದಾಗ ಅವನು ಆ ದೀಪವನ್ನು ತಂದು ಮೊದಲು ನನ್ನ ಮಾವನ ಕೈಯಲ್ಲಿ ಕೊಡುತ್ತಾನೆ.