ಕಳೆ ಯಾವುದು?

ಕಡಲಿಗೆ ಬಹುದೂರವಾದ ಮಂಡ್ಯದ ಗುತ್ತಲಿನಲ್ಲಿ ಗೃಹಸ್ಥನೊಬ್ಬನು ಗಾಜಿನ ತೊಟ್ಟಿಯಲ್ಲಿ ಕಡಲನ್ನೇ ಸಾಕಲೆಳಸಿದನೆಂದು ಭಾವಿಸಬಹುದು. ಲೀಟರು ನೀರಿಗೆ ಸುಮಾರು 35 ಗ್ರಾಮಿನಂತೆ ಕಡಲುಪ್ಪಿನ ಮಿಶ್ರಣವನ್ನು ಕರಗಿಸಿ, ಕಡಲಿನ ಕಲ್ಲುಗಳನ್ನೂ ಬಣ್ಣದ ಮೀನುಗಳನ್ನೂ ತಂದಿರಿಸುವನು. ಕೆಲವು ತಿಂಗಳಲ್ಲಿ ಕಲ್ಲಿನ ಮೇಲೆ ಕಂದುಬಣ್ಣದ ಹಕ್ಕಳೆಯೊಂದು ಹಬ್ಬುವುದು. ಅದು ಕೊಳೆಯಲ್ಲ, ತುಕ್ಕೂ ಅಲ್ಲ; ರಾಲ್ಫ್ಸಿಯ ಮೊದಲಾದ ಕುಲಗಳಿಗೆ ಸೇರಿದ, ಕಲ್ಲಿಗೆ ಚರ್ಮದಂತೆ ಅಂಟಿ ಬೆಳೆಯುವ ಕಂದು ಪಾಚಿ. ಅದರಲ್ಲಿಯೂ ಎಲೆಯ ಹಸುರುಂಟು. ಫ್ಯೂಕೋಕ್ಸಾಂತಿನ್ ಎಂಬ ವರ್ಣದ್ರವ್ಯವು ಅದನ್ನು ಮರೆಸಿರುವುದು. ಯಜಮಾನನಾದರೋ ಇದನ್ನು ಕಳೆಯೆಂದು ಕರೆದು ಕೆರೆಯಹೊರಡುವನು.

ಹಾಗೆ ಕರೆಯಲು ಅವನಿಗೇನು ಅಧಿಕಾರ? ಮಂಡ್ಯದ ಗದ್ದೆಯ ರೈತನೂ ಕಳೆ ಕೀಳುವನು. ಅದು ಪೈರಿನ ಆಹಾರವನ್ನು ಕಸಿಯುವುದೆಂದೂ, ಪೈರು ಮನೆಮಂದಿಯ ಅನ್ನವೆಂದೂ ಅವನು ಉತ್ತರ ಕೊಡಬಲ್ಲನು. ತೊಟ್ಟಿಯ ಒಡೆಯನಿಗೆ ಬಹುಮಟ್ಟಿಗೆ ಇರುವುದು ಕಣ್ಣಿನ ರುಚಿಯೊಂದೇ. ಅಷ್ಟಕ್ಕೇ ಅವನನ್ನು ದೂರುವುದು ಆತುರವಾದೀತು. ಅಂಗಳಕ್ಕೆ ರಂಗವಲ್ಲಿ ಇಡುವುದೂ ಕಣ್ಣಿನ ರುಚಿಯೇ. ತೊಡಕಿರುವುದು ಬೇರೆಡೆ. ಕಡಲಿನಲ್ಲಿ ಅರ್ಚಿನ್ ಎಂಬ ಮುಳ್ಳುಮೈಯ ಪ್ರಾಣಿಗಳೂ ಕೆಲವು ಬಸವನಹುಳುಗಳೂ ಇಂಥ ಪಾಚಿಯನ್ನು ಮೇಯುವುವು. ತೊಟ್ಟಿಯಲ್ಲಿ ಅವಿಲ್ಲ. ಮೇಲಾಗಿ, ಮೀನಿಗೆಂದು ಮಿತಿಮೀರಿ ಹಾಕಿದ ಆಹಾರವು ಕೊಳೆತು, ನೈಟ್ರೇಟು ಫಾಸ್ಫೇಟುಗಳಾಗಿ ಪಾಚಿಗೇ ಗೊಬ್ಬರವಾಗುವುದು. ಮೇಯುವವನ್ನು ಹೊರಗಿರಿಸಿ, ಗೊಬ್ಬರವನ್ನು ತಾನೇ ಎರೆದು, ಬೆಳೆದುದನ್ನು ಅತಿಕ್ರಮಿಯೆನ್ನುವುದು ಯಾವ ನ್ಯಾಯ? ಕರೆಯದೆ ಬಂದಿತೆಂಬ ಮಾತೂ ನಿಲ್ಲದು. ಅದು ಹೆಚ್ಚಾಗಿ ಅವನು ಹಣ ತೆತ್ತು ತಂದ ಕಲ್ಲಿನ ಮೇಲೆಯೇ ಬಂದಿರುವುದು.

ಕೈಯಿಂದ ಕೆರೆಯಲಾರದೆ ಅವನು ಅರ್ಚಿನ್ ಒಂದನ್ನು ಕೊಂಡು ತಂದು ಬಿಡಬಹುದು. ಅನೇಕರು ಹಾಗೆಯೇ ಮಾಡುವರು. ಅದು ಮೆಲ್ಲಮೆಲ್ಲನೆ ಕಲ್ಲನ್ನು ಹೆರೆದು ಬೆಳ್ಳಗೆ ಮಾಡುವುದು. ಪಾಚಿ ಮುಗಿದ ದಿನ ಅದಕ್ಕೆ ಉಣಿಸತಕ್ಕವರಾರು?