ದಾಸೋಹಕ್ಕೆ ಲೆಕ್ಕ ಬೇಕು, ಮುಖ ಬೇಕೆ?

2020ರ ಲಾಕ್‌ಡೌನ್‌ನಲ್ಲಿ ಪೀಣ್ಯದ ಕಾರ್ಖಾನೆಗಳು ಬಾಗಿಲು ಹಾಕಿದಾಗ ಶೆಟ್ಟಿಹಳ್ಳಿ, ಅಬ್ಬಿಗೆರೆ, ದಾಸರಹಳ್ಳಿ ಕಡೆಯ ಬಾಡಿಗೆ ಮನೆಗಳಲ್ಲಿದ್ದ ಎಷ್ಟೋ ಕಾರ್ಮಿಕರ ಸಂಬಳ ನಿಂತಿತು. ಬೆಂಗಳೂರಿನ ಉದ್ದಗಲಕ್ಕೂ ಸ್ವಯಂಸೇವಾ ಸಂಸ್ಥೆಗಳು ರೇಷನ್ ಕಿಟ್ ಹಂಚಿದವು. ವಾಟ್ಸಾಪ್‌ನಲ್ಲಿ ಕರೆ ಹೋಗಿ, ಯುಪಿಐನಲ್ಲಿ ಹಣ ಬಂದು, ಅಕ್ಕಿ-ಬೇಳೆ ಬೇಗನೆ ಮನೆ ಸೇರಿತು. ಅದರ ಜೊತೆಗೇ ಇನ್ನೊಂದು ರೂಢಿಯೂ ಬಲಿಯಿತು: ಕಿಟ್ ಪಡೆಯುವವರ ಫೋಟೊ ತೆಗೆದು ದಾನಿಗೆ ಕಳಿಸುವುದು.

ಹಸಿದವರು ತಮ್ಮ ಮುಖವನ್ನೇ ರಸೀದಿಯಾಗಿ ಕೊಡಬೇಕೆ?

ಧರ್ಮಚಿಂತಕರು ಇದನ್ನು ಬಹಳ ಹಿಂದೆಯೇ ಯೋಚಿಸಿದ್ದಾರೆ. 12ನೇ ಶತಮಾನದ ಕಲ್ಯಾಣದ ಶರಣರ ದಾಸೋಹದಲ್ಲಿ ನೀಡುವವನೇ ದಾಸ; ಕಾಯಕದಿಂದ ಬಂದದ್ದನ್ನು ಹಂಚುವಾಗ 'ನಾನು ಕೊಟ್ಟೆ' ಎಂಬ ಭಾವ ಉಳಿಯಬಾರದು. ಅದೇ ಶತಮಾನದಲ್ಲಿ ಈಜಿಪ್ಟಿನಲ್ಲಿ ನೆಲೆಸಿದ್ದ ಯಹೂದಿ ಚಿಂತಕ ಮೈಮೊನಿಡಿಸ್ ದಾನಕ್ಕೆ 8 ಮೆಟ್ಟಿಲುಗಳನ್ನು ಹೇಳಿದ. ಕೊಟ್ಟವನಿಗೆ ಪಡೆದವನು ಯಾರೆಂದು ತಿಳಿಯದ, ಪಡೆದವನಿಗೂ ಕೊಟ್ಟವನು ತಿಳಿಯದ ದಾನ ಮೇಲಿನಿಂದ ಎರಡನೆಯದು. ಸಾಲವನ್ನೋ ಕೆಲಸವನ್ನೋ ಕೊಟ್ಟು, ಆತ ಮತ್ತೆ ಕೈಚಾಚದಂತೆ ಮಾಡುವುದು ಎಲ್ಲಕ್ಕಿಂತ ಮೇಲಿನದು.

ತಂತ್ರಜ್ಞಾನ ಈ ಎರಡೂ ಮೆಟ್ಟಿಲುಗಳನ್ನು ಹತ್ತಿಸಬಲ್ಲದು.

2000ದಲ್ಲಿ ಬೆಂಗಳೂರಿನ 5 ಶಾಲೆಗಳ 1,500 ಮಕ್ಕಳಿಗೆ ಬಿಸಿಯೂಟ ಕೊಡುತ್ತ ಅಕ್ಷಯ ಪಾತ್ರ ಸಂಸ್ಥೆ ಶುರುವಾಯಿತು. ಅದರ ದೊಡ್ಡ ಅಡುಗೆಮನೆಗಳಲ್ಲಿ ಹಬೆಯಿಂದ ಅನ್ನ ಬೇಯುತ್ತದೆ, ಹುಬ್ಬಳ್ಳಿಯಂಥ ಒಂದೇ ಕೇಂದ್ರದಿಂದ ನೂರಾರು ಶಾಲೆಗಳಿಗೆ ಊಟ ಹೋಗುತ್ತದೆ. ಯಂತ್ರದ ಕೆಲಸ ಅಡುಗೆಮನೆಯಲ್ಲೂ ಸಾಗಣೆಯಲ್ಲೂ ಮುಗಿಯುತ್ತದೆ. ತಟ್ಟೆ ಹಿಡಿದು ಸಾಲಿನಲ್ಲಿ ಕೂತ ಮಗು ಉಣ್ಣಲು ದಾನಿಯ ಹೆಸರು ತಿಳಿದಿರಬೇಕಿಲ್ಲ.

ಮೇಲಿನ ಮೆಟ್ಟಿಲಿಗೆ ಮಿತ್ರ ಜ್ಯೋತಿ ಸಾಕ್ಷಿ. 1990ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಈ ಸಂಸ್ಥೆ ದೃಷ್ಟಿಹೀನರಿಗಾಗಿ ಧ್ವನಿಪುಸ್ತಕಗಳನ್ನು ಸಿದ್ಧಪಡಿಸುತ್ತದೆ, ಕಂಪ್ಯೂಟರ್ ಕಲಿಸುತ್ತದೆ. ಪರದೆಯ ಮೇಲಿನ ಅಕ್ಷರವನ್ನು ಓದಿ ಹೇಳುವ ತಂತ್ರಾಂಶ ಕೈವಶವಾದವರು ಪತ್ರ ಓದಿಸಿಕೊಳ್ಳಲು ಇನ್ನೊಬ್ಬರ ಬಿಡುವಿಗಾಗಿ ಕಾಯುವುದಿಲ್ಲ.

ಮುಖ ತೋರಿಸದೆಯೂ ಲೆಕ್ಕ ಕೇಳಬಹುದು. ಬೆಂಗಳೂರಿನದೇ ಜನಾಗ್ರಹ ಸಂಸ್ಥೆ 2010ರಲ್ಲಿ 'ಐ ಪೇಯ್ಡ್ ಎ ಬ್ರೈಬ್' ಜಾಲತಾಣ ತೆರೆದಾಗ ಕಣ್ಣು ಅಧಿಕಾರದ ಕಡೆಗೆ ತಿರುಗಿತು. ಲಂಚ ಕೊಟ್ಟವರು ಹೆಸರು ಹೇಳದೆ, ಯಾವ ಇಲಾಖೆ, ಎಷ್ಟು ಹಣ ಎಂದು ಬರೆಯಬಹುದಿತ್ತು. ದುರ್ಬಲರ ಹೆಸರು ಮರೆಯಲ್ಲಿದ್ದೂ ಸತ್ಯ ಬಯಲಿಗೆ ಬರುತ್ತದೆ ಎಂಬುದಕ್ಕೆ ಇದು ಉದಾಹರಣೆ.

ದಾನಿ ಲೆಕ್ಕ ಕೇಳುವುದು ನ್ಯಾಯವೇ. ಎಷ್ಟು ಕೆ.ಜಿ. ಅಕ್ಕಿ, ಯಾವ ದರಕ್ಕೆ, ಯಾವ ಬಡಾವಣೆಗೆ, ಯಾವ ದಿನ ಹೋಯಿತು ಎಂಬುದನ್ನೂ ಆಡಿಟ್ ವರದಿಯನ್ನೂ ಸಂಸ್ಥೆ ಜಾಲತಾಣದಲ್ಲಿ ಹಾಕಲಿ. ವ್ಯಕ್ತಿಯ ವಿವರ ಬೇಕೇಬೇಕಾದರೆ ಸಂಕೋಚವಿಲ್ಲದೆ 'ಬೇಡ' ಎನ್ನುವ ಅವಕಾಶ ಕೊಟ್ಟು ಕೇಳಲಿ. 'ಬೇಡ' ಎಂದವರಿಗೂ ಕಿಟ್ ಸಿಗಲಿ. ಸಂಸತ್ತು 2023ರಲ್ಲಿ ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಒಪ್ಪಿಗೆಯ ಕೋರಿಕೆ ಸರಳವಾಗಿರಬೇಕು, ಕನ್ನಡವೂ ಸೇರಿ ಎಂಟನೇ ಅನುಸೂಚಿಯ ಭಾಷೆಗಳಲ್ಲಿ ಅದನ್ನು ಓದುವ ಆಯ್ಕೆ ಇರಬೇಕು ಎನ್ನುತ್ತದೆ. ಶೆಟ್ಟಿಹಳ್ಳಿಯಲ್ಲಿ ಕೆಲಸ ಮಾಡುವ ಚಿಕ್ಕ ಟ್ರಸ್ಟ್ ಕೂಡ ಈ ಬದಲಾವಣೆಯನ್ನು ಕಿಟ್ ಪಡೆಯುವವರಿಗೆ ಕೊಡುವ ಮುಂದಿನ ನೋಂದಣಿ ಅರ್ಜಿಯಿಂದಲೇ ಶುರುಮಾಡಬಹುದು.