ಸ್ಮೃತಿಯ ಪ್ರಾಮಾಣ್ಯ ಮತ್ತು ಕರ್ನಲ್‌ನ ಮಾರ್ಗಸಂಗ್ರಹ

ಹಿಂದೆ ಅನುಭವಕ್ಕೆ ಬಂದುದನ್ನೇ ಮತ್ತೆ ಮುಂದಿಡುವ ಸ್ಮೃತಿಯನ್ನು ಪ್ರಮಾಣವೆಂದು, ಎಂದರೆ ವಸ್ತುಸ್ಥಿತಿಯನ್ನು ನಿಶ್ಚಯಿಸಿಕೊಡುವ ಅರಿವೆಂದು, ಒಪ್ಪಬೇಕೇ ಎಂಬ ಪ್ರಶ್ನೆಗೆ ಭಾರತೀಯ ದರ್ಶನಗಳು ಒಂದೇ ಉತ್ತರ ಕೊಟ್ಟಿಲ್ಲ. ಅನ್ನಂಭಟ್ಟನ ತರ್ಕಸಂಗ್ರಹವು ಸಂಸ್ಕಾರಮಾತ್ರದಿಂದ, ಹಿಂದಿನ ಅನುಭವ ಆತ್ಮದಲ್ಲಿ ಉಳಿಸಿಹೋದ ಅಚ್ಚಿನಿಂದ, ಹುಟ್ಟುವ ಜ್ಞಾನವನ್ನು ಸ್ಮೃತಿಯೆಂದು ಕರೆದು ಅನುಭವದಿಂದ ಬೇರೆಯಾಗಿಡುತ್ತದೆ. ಅವನಂತೆ ನ್ಯಾಯದರ್ಶನವನ್ನು ಅನುಸರಿಸುವ ನೈಯಾಯಿಕರು ಸ್ಮೃತಿಯೆಲ್ಲ ಸುಳ್ಳೆಂದು ಹೇಳುವುದಿಲ್ಲ. ಅದು ಯಥಾರ್ಥವಾಗಿರಬಹುದು, ಆದರೂ ಪ್ರಮಾಣವಲ್ಲ, ಏಕೆಂದರೆ ಜಯಂತಭಟ್ಟನ ಪ್ರಕಾರ ಅದು ವಸ್ತುವಿನಿಂದ ಹುಟ್ಟಿದ್ದಲ್ಲ, ಉದಯನನ ಪ್ರಕಾರ ಪೂರ್ವಾನುಭವಕ್ಕೆ ಅಧೀನವಾದದ್ದು. ಇದಕ್ಕೆ ಎದುರಾಗಿ ಮಧ್ವಾಚಾರ್ಯರ ಪರಂಪರೆ, ವಿಶೇಷವಾಗಿ ಪ್ರಮಾಣಪದ್ಧತಿಯನ್ನು ಬರೆದ ಜಯತೀರ್ಥರು, ಯಥಾರ್ಥವಾದುದೆಲ್ಲವೂ ಪ್ರಮಾಣವೆಂಬ ಲಕ್ಷಣವನ್ನು ಹಿಡಿದು ಸ್ಮೃತಿಗೂ ಆ ಸ್ಥಾನವನ್ನು ಕೊಡುತ್ತಾರೆ.

ಈ ಹಳೆಯ ವಿವಾದ ನಿಜವಾದ ಬೆಲೆ ತೆರಬೇಕಾದ ನಿರ್ಣಯವಾಗಿ ಎದುರಾದ ಒಂದು ಸ್ಥಳ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ಕರ್ನಲ್, ಎಂದರೆ ಯಂತ್ರಾಂಶಕ್ಕೂ ಉಳಿದ ತಂತ್ರಾಂಶಕ್ಕೂ ನಡುವೆ ನಿಲ್ಲುವ ಮೂಲಭಾಗ. ಜಾಲದಿಂದ ಬಂದ ಪ್ರತಿ ಪ್ಯಾಕೆಟ್, ಎಂದರೆ ವಿಳಾಸ ಹೊತ್ತ ದತ್ತಾಂಶದ ತುಣುಕು, ಯಾವ ದಾರಿಯಲ್ಲಿ ಹೋಗಬೇಕೆಂಬುದನ್ನು ಕರ್ನಲ್ ಮಾರ್ಗಕೋಷ್ಟಕದಲ್ಲಿ ಹುಡುಕುತ್ತದೆ, ಮತ್ತು ಗಮ್ಯವಿಳಾಸಕ್ಕೆ ಅತಿ ಉದ್ದವಾಗಿ ಹೊಂದುವ ಪೂರ್ವಭಾಗವುಳ್ಳ ನಮೂದನ್ನು ಆರಿಸುತ್ತದೆ. ಈ ಹುಡುಕಾಟವನ್ನು ಉಳಿಸಲೆಂದು ಹಳೆಯ ಕರ್ನಲ್‌ಗಳು ಒಮ್ಮೆ ಸಿಕ್ಕ ಉತ್ತರವನ್ನು ರೂಟಿಂಗ್ ಕ್ಯಾಷ್ ಎಂಬ ಸಂಗ್ರಹದಲ್ಲಿ ಇಟ್ಟುಕೊಳ್ಳುತ್ತಿದ್ದವು. ಅದೇ ಮೂಲದಿಂದ ಅದೇ ಗಮ್ಯಕ್ಕೆ ಮತ್ತೊಂದು ಪ್ಯಾಕೆಟ್ ಬಂದಾಗ ಕೋಷ್ಟಕವನ್ನು ನೋಡದೆ ನೆನಪಿನಿಂದಲೇ ಉತ್ತರಿಸುತ್ತಿದ್ದವು.

ಇದರ ದೋಷವಿದ್ದದ್ದು ನಮೂದುಗಳ ಅಸತ್ಯದಲ್ಲಿ ಅಲ್ಲ, ಸಂಗ್ರಹವನ್ನು ತುಂಬುವವರು ಯಾರೆಂಬುದರಲ್ಲಿ. ಹೊರಗಿನಿಂದ ಬರುವ ಪ್ಯಾಕೆಟ್‌ಗಳೇ ನೆನಪನ್ನು ಹುಟ್ಟಿಸುತ್ತಿದ್ದುದರಿಂದ, ಸುಳ್ಳು ಮೂಲವಿಳಾಸಗಳನ್ನು ಹೊತ್ತ ಪ್ಯಾಕೆಟ್‌ಗಳನ್ನು ಸುರಿದವನು ಸಂಗ್ರಹವನ್ನೇ ಯಂತ್ರಕ್ಕೆ ಭಾರವಾಗಿಸಬಹುದಾಗಿತ್ತು. ಅಂಥ ನಮೂದುಗಳೆಲ್ಲ ಹ್ಯಾಷ್ ಕೋಷ್ಟಕದ, ಎಂದರೆ ವಿಳಾಸಗಳಿಂದ ಲೆಕ್ಕ ಹಾಕಿದ ಸಂಖ್ಯೆಯಂತೆ ನಮೂದುಗಳನ್ನು ಸಾಲುಗಳಿಗೆ ಹಂಚುವ ರಚನೆಯ, ಒಂದೇ ಸಾಲಿನಲ್ಲಿ ಬೀಳುವಂತೆ ವಿಳಾಸಗಳನ್ನು ಆರಿಸಿ ಪ್ರೊಸೆಸರನ್ನು ಬಳಲಿಸಬಹುದೆಂಬ ದೌರ್ಬಲ್ಯ 2003ರಲ್ಲಿ ಬಹಿರಂಗವಾಯಿತು, ಮತ್ತು ಗುಪ್ತ ಯಾದೃಚ್ಛಿಕ ಸಂಖ್ಯೆಯೊಂದನ್ನು ಲೆಕ್ಕಕ್ಕೆ ಸೇರಿಸಿ ಅದನ್ನು ಆಗಿನ ಮಟ್ಟಿಗೆ ತಡೆಯಲಾಯಿತು. ಕೊನೆಗೆ ಜಾಲವಿಭಾಗದ ನಿರ್ವಾಹಕರಾಗಿದ್ದ ಡೇವಿಡ್ ಮಿಲ್ಲರ್ 2012ರ 3.6 ಆವೃತ್ತಿಯಲ್ಲಿ ಐಪಿವಿ4 ಎಂಬ ಜಾಲವಿಳಾಸ ಪದ್ಧತಿಯ ಈ ಸಂಗ್ರಹವನ್ನೇ ತೆಗೆದುಹಾಕಿದರು. ಅಷ್ಟರಲ್ಲಿ ಟ್ರೈ ಎಂಬ ಕವಲುರಚನೆಯಿಂದ ಮೂಲಕೋಷ್ಟಕದ ಹುಡುಕಾಟವೇ ಸಾಕಷ್ಟು ವೇಗ ಪಡೆದಿತ್ತು. ಮೂಲವನ್ನೇ ಕೇಳಲು ಸಾಧ್ಯವಿರುವಾಗ ಅದಕ್ಕೆ ಅಧೀನವಾದ ನೆನಪಿಗೆ ಸ್ವತಂತ್ರ ಅಧಿಕಾರವಿಲ್ಲವೆಂಬ ಉದಯನನ ತರ್ಕಕ್ಕೆ ಇದಕ್ಕಿಂತ ಹತ್ತಿರವಾದ ಉದಾಹರಣೆ ಸಿಗುವುದು ಕಷ್ಟ.

ಆದರೆ ಸಂಗ್ರಹ ಹೋದ ಮೇಲೆ, ಅದು ಯಾರೂ ಗಮನಿಸದಂತೆ ಮಾಡುತ್ತಿದ್ದ ಇನ್ನೊಂದು ಕೆಲಸ ಬೆಳಕಿಗೆ ಬಂತು. ಒಂದೇ ಗಮ್ಯಕ್ಕೆ ಸಮಾನವಾದ ಹಲವು ದಾರಿಗಳಿದ್ದಾಗ ಮೊದಲ ಆಯ್ಕೆಯನ್ನು ಸಂಗ್ರಹವೇ ಕಾಯ್ದಿಟ್ಟು ಇಡೀ ಹರಿವನ್ನು ಅದೇ ದಾರಿಯಲ್ಲಿ ಕಳುಹಿಸುತ್ತಿತ್ತು. ನೆನಪಿಲ್ಲದ ಕರ್ನಲ್ ತನ್ನ ಮೂಲಕ ಹಾದುಹೋಗುವ ಪ್ರತಿ ಪ್ಯಾಕೆಟ್‌ಗೂ ಹೊಸದಾಗಿ ದಾರಿ ಆರಿಸತೊಡಗಿ, ಒಂದೇ ಸಂಭಾಷಣೆಯ ತುಣುಕುಗಳು ಕ್ರಮ ತಪ್ಪಿ ತಲುಪುವ ಸಾಧ್ಯತೆ ಹುಟ್ಟಿತು. 2016ರ 4.4 ಆವೃತ್ತಿ ಇದನ್ನು ಸರಿಪಡಿಸಿದ ಬಗೆ ತತ್ತ್ವದ ದೃಷ್ಟಿಯಿಂದ ಗಮನಾರ್ಹ: ನೆನಪನ್ನು ಮರಳಿ ತರದೆ, ಮೂಲ ಮತ್ತು ಗಮ್ಯವಿಳಾಸಗಳಿಂದ ಪ್ರತಿ ಸಲವೂ ಒಂದೇ ಸಂಖ್ಯೆಯನ್ನು ಲೆಕ್ಕ ಹಾಕಿ ಒಂದೇ ದಾರಿಯನ್ನು ಆರಿಸುವ ನಿಯಮವನ್ನು ಅದು ತಂದಿತು. ಇಲ್ಲಿಯವರೆಗೆ ನೈಯಾಯಿಕನದೇ ಗೆಲುವು ಎನ್ನಬೇಕು.

ಜಯತೀರ್ಥರ ಪಕ್ಷಕ್ಕೆ ಬಲ ಬರುವುದು ಇನ್ನೊಂದು ಬಗೆಯ ನೆನಪಿನಲ್ಲಿ. ದಾರಿಯ ಮಧ್ಯದಲ್ಲಿ ಪ್ಯಾಕೆಟ್‌ಗಳನ್ನು ಮುಂದಕ್ಕೆ ಸಾಗಿಸುವ ದೂರದ ರೂಟರೊಂದು, ಇಷ್ಟು ದೊಡ್ಡ ಪ್ಯಾಕೆಟ್ ಇಲ್ಲಿ ಹಿಡಿಸದು ಎಂಬ ಸಂದೇಶವನ್ನು ಹಿಂದಕ್ಕೆ ಕಳುಹಿಸಿದರೆ, ಆ ಮಿತಿ ಯಾವ ಕೋಷ್ಟಕದಲ್ಲೂ ಇಲ್ಲ, ಯಾವ ನಿಯಮದಿಂದಲೂ ಅದನ್ನು ಮತ್ತೆ ಪಡೆಯಲಾಗದು. ನೆನಪಿಟ್ಟುಕೊಳ್ಳದಿದ್ದರೆ ಮುಂದಿನ ದೊಡ್ಡ ಪ್ಯಾಕೆಟ್ ಮತ್ತೆ ಅಲ್ಲಿಯೇ ಕಳೆದುಹೋಗುತ್ತದೆ. ಆದ್ದರಿಂದಲೇ 3.6 ಆವೃತ್ತಿಯೂ ಇಂಥ ಅಪವಾದಗಳಿಗೆ ಪ್ರತ್ಯೇಕ ಸ್ಥಳ ಕೊಟ್ಟಿತು, ಮತ್ತು ಪ್ಯಾಕೆಟ್ ಗಾತ್ರದ ಮಿತಿಗೆ ಅವಧಿಯನ್ನು ಅಂಟಿಸಿತು. ಅದು ಸಾಮಾನ್ಯವಾಗಿ 10 ನಿಮಿಷ. ವಸ್ತು ಈಗ ಬದಲಾಗಿರಬಹುದಾದ್ದರಿಂದ ಸ್ಮೃತಿ ಅಯಥಾರ್ಥವೆಂಬ ಆಕ್ಷೇಪಕ್ಕೆ, ಸ್ಮೃತಿ ತಿಳಿಸುವುದು ಆಗ ಹೀಗಿತ್ತೆಂಬುದನ್ನೇ ಮತ್ತು ಆ ಆಗಿನ ಸ್ಥಿತಿ ಸುಳ್ಳಾಗದು ಎಂಬುದು ಮಧ್ವಪರಂಪರೆಯ ದ್ವೈತಿಗಳ ಉತ್ತರ. ಕಾಲದ ಗುರುತನ್ನು ಹೊತ್ತ ನಮೂದು ಹೇಳುವುದೂ ಅಷ್ಟನ್ನೇ. ಹಾಗಾಗಿ ಮೂಲವನ್ನು ಮತ್ತೆ ಕೇಳಬಲ್ಲ ಸ್ಮೃತಿಯನ್ನೂ, ಮೂಲ ಮಾತಾಡಿ ಮೌನವಾದ ಮೇಲೆ ಉಳಿದ ಸ್ಮೃತಿಯನ್ನೂ ಒಂದೇ ತೀರ್ಪಿನಡಿ ತರುವುದು ಎರಡು ಪಕ್ಷಗಳಿಗೂ ನ್ಯಾಯವಲ್ಲ. ಎರಡನೆಯದಕ್ಕೆ ಪ್ರಮಾಣವೆಂಬ ಹೆಸರನ್ನು ನಿರಾಕರಿಸಲು ಬಲವಾದ ಕಾರಣ ಕಾಣುವುದಿಲ್ಲ.

ಹೊರಗಿನವನು ಈ ಅಪವಾದಗಳ ಸಂಗ್ರಹ ತುಂಬುವ ರೀತಿಯನ್ನು ಊಹಿಸಿ ಯಂತ್ರದ ಗುಟ್ಟುಗಳನ್ನು ಅಳೆಯಬಹುದೆಂದು 2021ರಲ್ಲಿ ತಿಳಿದುಬಂದಾಗಲೂ, ಕರ್ನಲ್‌ನ ಅಭಿವೃದ್ಧಿಕಾರರು ನೆನಪನ್ನು ಕೈಬಿಡಲಿಲ್ಲ. ಸಿಪ್‌ಹ್ಯಾಷ್ ಎಂಬ ಗುಪ್ತಕೀಲಿಯ ವಿಧಾನದಿಂದ ನಮೂದುಗಳ ಜಾಗವನ್ನು ಊಹೆಗೆ ನಿಲುಕದಂತೆ ಮಾಡಿದರು.